ಗಾಡಿಯವನ ಪರ ನಿಂತ ಅಕ್ಕ

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ಚಪ್ಪಟೆಯಾಗಿ, ಅಂಚು ಸವೆದು, ಹಳೆಯ ಚಮಚದ ತುದಿಯಂತಿತ್ತು. ಕಾಗದ ಮಡಿಸಿ, ಮಡಿಕೆಯ ಮೇಲೆ ಅದೇ ಉಗುರಿನಿಂದ ಗೀಚಿ ಗೀಚಿ ಹಾಗಾಗಿತ್ತು. ಅಂಗಡಿಯವರು ಅಂಚೆಪೆಟ್ಟಿಗೆಗೆ ತುರುಕುವ ಜಾಹೀರಾತಿನ ಹಾಳೆ, ಪಾರ್ಸಲ್ಲಿನ ಕಂದು ಕಾಗದ, ಕೊಂಬಿನಿ ಎಂಬ ಜಪಾನಿನ ಚಿಲ್ಲರೆ ಅಂಗಡಿಯಲ್ಲಿ ಊಟದ ಜೊತೆ ಕೊಡುವ ಕಡ್ಡಿಗಳು, ಅಂಟಿಗೆ ಅನ್ನದ ಗಂಜಿ. ಇಷ್ಟರಲ್ಲೇ ಅವಳು ವಿಮಾನ ಮಾಡುತ್ತಿದ್ದಳು. ಈಗಿನವಲ್ಲ. ನೂರು ವರ್ಷಕ್ಕೂ ಹಿಂದೆ ಬ್ರಿಟನ್ನಿನಲ್ಲಿ ಹಾರಿದವು, ಹಾರಲು ಹೋಗಿ ಬಿದ್ದವು.

ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವನು. ತುಮಕೂರಿನ ಹೋಟೆಲುಗಳ ಒಲೆ ಮುಂದೆ ಬೆಳೆದೆ. ಅಕ್ಕ ಭಾವ ಕರೆಸಿಕೊಂಡಿದ್ದರಿಂದ ಜಪಾನಿಗೆ ಬಂದೆ. ಟೋಕಿಯೋ ಪಕ್ಕದ ಗ್ಯೋಟೋಕುವಿನಲ್ಲಿ ರೈಲು ಮೇಲೆ ಓಡುವ ಸೇತುವೆಯ ಕೆಳಗೆ ಒಂದು ಇಂಡಿಯನ್ ಹೋಟೆಲಿದೆ, ಅಲ್ಲಿ ಅಡಿಗೆಯವನು. ಬರೆದು ಅಭ್ಯಾಸವಿಲ್ಲ. ಆದರೂ ಇದನ್ನು ಬೇರೆಯವರ ಕೈಲಿ ಬರೆಸಲಾರೆ. ತಪ್ಪು ನನ್ನದು.

ಅಕ್ಕ ಪಿಯುಸಿವರೆಗೆ ಓದಿದ್ದಳು. ಭಾವ ಬೆಳಗ್ಗೆ ಶಿನಾಗಾವಾದ ಆಫೀಸಿಗೆ ಹೊರಟರೆ ಅವಳು ಲೈಬ್ರರಿಗೆ ಹೊರಡುತ್ತಿದ್ದಳು. ಅಲ್ಲಿ ಇಂಗ್ಲಿಷ್ ಪುಸ್ತಕಗಳ ಕಪಾಟಿನಲ್ಲಿ ವಿಮಾನಗಳ ಚಿತ್ರವಿದ್ದ ದಪ್ಪ ಪುಸ್ತಕವೊಂದು ಸಿಕ್ಕಿತು. ಸಿಕ್ಕಿದ್ದೇ ಹುಚ್ಚು ಹತ್ತಿತು. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಪುಟ ಓದಿದಳು. ಮಧ್ಯಾಹ್ನದ ಗಿರಾಕಿಗಳು ಕರಗಿದ ಮೇಲೆ ಆ ಪುಸ್ತಕ ಹೊತ್ತು ನಮ್ಮ ಅಡಿಗೆಮನೆಗೆ ಬರುತ್ತಿದ್ದಳು. ಈರುಳ್ಳಿ ಮೂಟೆಯ ಮೇಲೆ ಕೂತು, ನಾನು ಪಾತ್ರೆ ಉಜ್ಜುತ್ತಿದ್ದರೆ ಓದಿ ಹೇಳುತ್ತಿದ್ದಳು.

"ಕೇಳೋ, ಇವನಿಗೆ ರೆಕ್ಕೆಗೆ ಬಟ್ಟೆ ಹಾಕೋಕೆ ಗತಿ ಇರ್ಲಿಲ್ವಂತೆ. ಕಂದು ಕಾಗದ ಅಂಟಿಸಿಕೊಂಡು ಹಾರಿದನಂತೆ. ಕೆಲಸ ಮಾಡ್ತಿದ್ದಿದ್ದು ಎಲ್ಲಿ ಗೊತ್ತಾ? ಹಿಂಗೇ ರೈಲಿನ ಕಮಾನಿನ ಕೆಳಗೆ!"

"ಹಂಗಾದ್ರೆ ನಾನೂ ಹಾರ್ಬೋದು ಬಿಡಕ್ಕ."

"ನೀನು ಮೊದ್ಲು ಆ ಬಾಣಲೆ ತಿಕ್ಕು."

ಇನ್ನೊಂದು ದಿನ ಐರ್ಲೆಂಡಿನ ಒಬ್ಬ ಹೆಣ್ಣುಮಗಳ ಕಥೆ. ಆಗ ಐರ್ಲೆಂಡು ಬ್ರಿಟಿಷರ ಕೈಲಿತ್ತಂತೆ. ಅವಳು ತನ್ನ ವಿಮಾನ ತಾನೇ ಕಟ್ಟಿಕೊಂಡಳು. ಪೆಟ್ರೋಲ್ ಟ್ಯಾಂಕು ಬರುವುದು ತಡವಾದಾಗ ವಿಸ್ಕಿ ಬಾಟಲಿಯಿಂದ, ಕಿವುಡಿ ಚಿಕ್ಕಮ್ಮ ಕೇಳಲು ಕಿವಿಗಿಟ್ಟುಕೊಳ್ಳುವ ಕೊಳವೆಯ ಮೂಲಕ ಎಂಜಿನ್ನಿಗೆ ಪೆಟ್ರೋಲ್ ಹುಯ್ದಳು. ಕೊನೆಗೆ ಅಪ್ಪ, ಹಾರುವುದು ಬಿಟ್ಟರೆ ಕಾರು ಕೊಡಿಸುತ್ತೇನೆ ಎಂದನಂತೆ.

"ಏನ್ಮಾಡಿದ್ಲು?"

"ಕಾರು ತಗೊಂಡ್ಲು. ನಾನಾಗಿದ್ರೆ ಎರಡೂ ಇಟ್ಕೋತಿದ್ದೆ ಕಣೋ!"

ಭಾನುವಾರ ಅಕ್ಕ ನಮ್ಮ ಜನರ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ; ಆ ಎರಡು ಗಂಟೆಯೇ ಅವಳ ವಾರ. ಅಕ್ಷರ ತಿದ್ದಿಸಿ, ಆಮೇಲೆ ಒಂದು ವಿಮಾನದ ಕಥೆ. ಕಸದ ಬುಟ್ಟಿಯಲ್ಲಿ ಹಂದಿಮರಿಯನ್ನು ಕೂರಿಸಿ ಹಾರಿಸಿದ ಇಂಗ್ಲಿಷ್ ಸಾಹೇಬನ ಕಥೆ ಹೇಳಿದ ದಿನ ಮಕ್ಕಳು ಮನೆಗೇ ಹೋಗಲೊಲ್ಲರು. "ಬುತಾ? ರಿಯಲಿ ಆಂಟಿ? ಹಂದಿ ಹಾರಿತಾ?" ಎಂದು ಹಂದಿಗೆ ಜಪಾನಿ ಪದವನ್ನೂ ಬೆರೆಸಿ ಒಬ್ಬಳು ಮೂರು ಸಲ ಕೇಳಿದಳು. ಎಂಟು ವರ್ಷದ ಹುಡುಗಿ. ಆ ವರ್ಷದ ಯುಗಾದಿ ಕ್ವಿಜ್ಜಿನಲ್ಲಿ ಸ್ಟೇಜ್ ಹತ್ತಿದವಳೂ ಅವಳೇ.

ಬಾಡಿಗೆ ಹಾಲಿನಲ್ಲಿ ನಮ್ಮ ಯುಗಾದಿ. ಅಡಿಗೆ ನನ್ನದು. ಕ್ವಿಜ್ ನಡೆಸುತ್ತಿದ್ದವರು ದೊಡ್ಡ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. "ವಿಮಾನದಲ್ಲಿ ಮೊಟ್ಟಮೊದಲು ಹಾರಿದ್ದು ಯಾರು?" ಎಂದು ಕೇಳಿದರು. ಹುಡುಗಿ ಎದ್ದು ನಿಂತು, "ಗಾಡಿ ಹೊಡಿಯೋ ಅಂಕಲ್" ಎಂದಳು.

ಹಾಲೆಲ್ಲ ನಕ್ಕಿತು. ಅಮೆರಿಕದ ಅಣ್ಣತಮ್ಮಂದಿರ ಹೆಸರು ಹೇಳಿದ ಹುಡುಗನಿಗೆ ಮಾರ್ಕು ಸಿಕ್ಕಿತು. ಹುಡುಗಿ ಜನರ ನಡುವೆ ಅಕ್ಕನನ್ನು ಹುಡುಕಿದಳು. ಕೊನೆಯ ಸಾಲಿನಿಂದ ಅಕ್ಕ ಎದ್ದಳು.

"ಅವಳು ಹೇಳಿದ್ದು ಸರಿ ಸಾರ್. ಅಮೆರಿಕದೋರಿಗಿಂತ ಐವತ್ತು ವರ್ಷ ಮೊದ್ಲು ಇಂಗ್ಲೆಂಡಿನ ಒಬ್ಬ ಜಮೀನ್ದಾರ ರೆಕ್ಕೆಗಾಡಿ ಕಟ್ಟಿದ. ತಾನು ಹತ್ತಲಿಲ್ಲ. ಕುದುರೆಗಾಡಿ ಹೊಡೆಯೋನನ್ನ ಕೂರಿಸಿ ಕಣಿವೆ ದಾಟಿಸಿದ. ಧೊಪ್ಪಂತ ಬಿದ್ದೋನು ಎದ್ದು ಬಂದು, ಇನ್ನು ನಾನು ಕೆಲಸಕ್ಕೆ ಬರಲ್ಲ ಅಂದನಂತೆ."

"ಮೇಡಂ, ಅದಕ್ಕೆ ಎಂಜಿನ್ ಎಲ್ಲಿತ್ತು?"

"ನಿಮ್ಮ ಪ್ರಶ್ನೇಲಿ ಎಂಜಿನ್ ಎಲ್ಲಿದೆ ಸಾರ್?"

"ಓಕೆ, ಆ ಗಾಡಿಯವನ ಹೆಸರೇನು ಹೇಳಿ."

"ಯಾರೂ ಸರಿಯಾಗಿ ಬರೆದಿಟ್ಟಿಲ್ಲ. ಗಾಡಿಯವನಲ್ಲ, ಮನೆ ಆಳು ಅನ್ನೋರೂ ಇದಾರೆ. ಹಾರಿದ್ದು ಆಳು ಅನ್ನೋದನ್ನ ಮಾತ್ರ ಎಲ್ಲರೂ ಒಪ್ತಾರೆ. ಹೆಸರಿಲ್ಲ ಅಂತ ಹಾರಲಿಲ್ಲ ಅನ್ನೋಕಾಗುತ್ತಾ?"

ಅವರ ಮುಖ ಕೆಂಪಾಯಿತು. ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿದರು. "ಏನ್ರೀ, ನಿಮ್ಮಕ್ಕ ಏನೋ ಹೊಸ ಹಿಸ್ಟರಿ ಹೇಳ್ತಿದಾರಲ್ಲ? ನಿಮಗೇನಾದ್ರೂ ಗೊತ್ತಾ?"

ನನಗೆ ಗೊತ್ತಿತ್ತು. ಆ ಪುಟವನ್ನು ಅವಳು ನನಗೆ ಎರಡು ಸಲ ಓದಿ ಹೇಳಿದ್ದಳು. ಚಿತ್ರವನ್ನೂ ನೋಡಿದ್ದೆ. ಆದರೆ ಅಷ್ಟು ಓದಿದವರು ಎಲ್ಲರೆದುರು ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಅವರಿಗೆ ಇಷ್ಟವಾಗುವುದನ್ನೇ ಹೇಳಿದೆ.

"ಬಿಟ್ಬಿಡಿ ಸಾರ್. ಅವಳು ಓದೋದು ಅರ್ಧ, ಹೇಳೋದು ಎರಡರಷ್ಟು."

ಈ ಸಲ ನಗು ಇನ್ನೂ ಜೋರಾಗಿತ್ತು. ಅಕ್ಕ ಕೂತಳು.

ವಾಪಸು ಬರುವಾಗ ರೈಲಿನಲ್ಲಿ ಒಂದೇ ಮಾತು ಕೇಳಿದಳು. "ನಿಂಗೆ ಗೊತ್ತಿತ್ತಲ್ವೇನೋ?"

"ಹಬ್ಬದ ದಿನ ಜಗಳ ಯಾಕೆ ಅಂತ..."

"ಜಗಳ ಮಾಡ್ತಿದ್ದಿದ್ದು ನಾನು. ನಿನ್ನನ್ನ ಕೇಳಿದ್ದು ನಿಜಾನಾ ಸುಳ್ಳಾ ಅಂತ."

ಹದಿನೈದು ದಿನದಲ್ಲಿ ಹಬ್ಬ ನಡೆಸುವವರು ಅಕ್ಕನ ಭಾನುವಾರದ ತರಗತಿಯನ್ನು ಡಿಗ್ರಿ ಮಾಡಿದ ಇನ್ನೊಬ್ಬರಿಗೆ ವಹಿಸಿದರು. ಮಕ್ಕಳಿಗೆ ತಪ್ಪು ಮಾಹಿತಿ ಹೋಗಬಾರದು ಎಂದು ಕಾರಣ ಕೊಟ್ಟರು. "ಅವರ ತಮ್ಮನೇ ಹೇಳಿದಾರಲ್ಲ" ಎಂದೂ ಯಾರೋ ಅಂದರಂತೆ. ಅಕ್ಕ ಅಳಲಿಲ್ಲ. ಮುಂದಿನ ಭಾನುವಾರ ಅದೇ ಹೊತ್ತಿಗೆ ನದಿ ದಂಡೆಗೆ ಹೋಗಿ, ಕಾಗದದ ವಿಮಾನಗಳನ್ನು ಹುಲ್ಲಿನ ಮೇಲೆ ಸಾಲಾಗಿಟ್ಟು ಕೂತಳು. ಮೂರು ಮಕ್ಕಳು ಬಂದರು. ಆಮೇಲೆ ಇಬ್ಬರು. ಕಡೆಗೆ ಆ ಹುಡುಗಿಯೊಬ್ಬಳೇ. ಮಳೆ ಬಂದರೆ ಸೇತುವೆಯ ಕೆಳಗೆ ನಡೆಸಿದಳೇ ಹೊರತು ಒಂದು ವಾರವೂ ತಪ್ಪಿಸಲಿಲ್ಲ. ನನ್ನ ಅಡಿಗೆಮನೆಗೂ ಬರುತ್ತಿದ್ದಳು, ಉಪ್ಪು ಹೆಚ್ಚಾಯಿತು ಎಂದು ಬಯ್ಯುತ್ತಿದ್ದಳು. ಪುಸ್ತಕ ಮಾತ್ರ ತರುತ್ತಿರಲಿಲ್ಲ. ಓದಕ್ಕ ಎಂದು ನಾನು ಕೇಳಲಿಲ್ಲ. ಕೇಳಬೇಕಿದ್ದರೆ ಮೊದಲು ಇನ್ನೊಂದು ಮಾತು ಹೇಳಬೇಕಿತ್ತು.

ಕಳೆದ ಚಳಿಗಾಲದಲ್ಲಿ ಅಕ್ಕ ಕಾಯಿಲೆಯಿಂದ ಹೋದಳು. ಆಸ್ಪತ್ರೆಯಲ್ಲಿ ದಿನವೂ ಗಂಜಿ ಕುಡಿಸಿದೆ. ಆ ಮಾತು ಆಗಲೂ ಹೇಳಲಿಲ್ಲ.

ಈ ಯುಗಾದಿಗೂ ಅಡಿಗೆ ನನ್ನದೇ. ಕ್ವಿಜ್ ಮುಗಿಯುತ್ತಿದ್ದಂತೆ ಒಲೆ ಆರಿಸಿ ಸ್ಟೇಜ್ ಹತ್ತಿದೆ. ಅಂದು ಕ್ವಿಜ್ ನಡೆಸಿದವರೇ ಈಗಲೂ ಮೈಕ್ ಹಿಡಿದಿದ್ದರು.

"ಸಾರ್, ಮೂರು ವರ್ಷದ ಹಿಂದೆ ಇಲ್ಲಿ ನಾನೊಂದು ಸುಳ್ಳು ಹೇಳಿದೆ. ಅದನ್ನ ಸರಿ ಮಾಡ್ಬೇಕು."

"ಅಯ್ಯೋ, ಈಗ್ಯಾಕ್ರೀ ಅದೆಲ್ಲ? ಊಟಕ್ಕೆ ಹೊತ್ತಾಯ್ತು."

"ಊಟ ನನ್ನ ಕೈಲಿದೆ ಸಾರ್. ಕಾಯುತ್ತೆ."

ಗಾಡಿಯವನ ಕಥೆಯನ್ನು ನನಗೆ ಬಂದಂತೆ ಹೇಳಿದೆ. ಲೈಬ್ರರಿಯಿಂದ ಅದೇ ಪುಸ್ತಕ ತಂದಿದ್ದೆ, ಪುಟ ತೆರೆದು ತೋರಿಸಿದೆ. ಯಾರೂ ನಗಲಿಲ್ಲ. ಈಗ ಹನ್ನೊಂದು ತುಂಬಿದ ಆ ಹುಡುಗಿ ಮುಂದಿನ ಸಾಲಿನಿಂದ ಕೇಳಿದಳು. "ಅಂಕಲ್, ಅವತ್ತು ನೀವು ಯಾಕೆ ಸುಮ್ನೆ ಇದ್ರಿ?"

"ಸುಮ್ನಿದ್ದಿದ್ರೆ ಚೆನ್ನಾಗಿತ್ತು ಮಗಳೇ. ಮಾತಾಡಿದೆ."

ಅವರು, "ಸರಿ ಸರಿ, ಎರಡೂ ಉತ್ತರ ಇರ್ಲಿ" ಎಂದರು.

"ಎರಡೂ ಅನ್ಬೇಡಿ ಸಾರ್. ನಮ್ಮಕ್ಕ ಹೇಳಿದ್ದು ಸರಿ ಅನ್ನಿ."

ಪುಸ್ತಕ ಈಸಿಕೊಂಡು ಪುಟದ ಮೇಲೆ ಕಣ್ಣಾಡಿಸಿದರು. ಆಮೇಲೆ ಮೈಕಿನಲ್ಲಿ, "ಅವರಕ್ಕ ಹೇಳಿದ್ದು ಸರಿ" ಎಂದರು.

ಅಷ್ಟು ಹೇಳಲು ಅವರಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ನನಗೆ ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಕೇಳಬೇಕಾದವಳು ಇರಲಿಲ್ಲ.