ಆಸ್ಪತ್ರೆಯಲ್ಲಿ ಯಾರೂ ಸತ್ತಿಲ್ಲ

ದೊಡ್ಡಮ್ಮ ತೀರಿಕೊಂಡದ್ದು ಪುತ್ತೂರಿನ ಒಂದು ಆಸ್ಪತ್ರೆಯ ಜಗಲಿಯಲ್ಲಿ, ಜೀಪು ಬಂದು ನಿಲ್ಲುವ ಸ್ವಲ್ಪ ಮೊದಲು. ಅದನ್ನು ಕಂಡವರು ಇಬ್ಬರೇ: ದೊಡ್ಡಪ್ಪ ಮತ್ತು ನಾನು.

ಅದು ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲ. ನಾನು ಬಿ.ಎಸ್ಸಿ. ಮುಗಿಸಿ ಪೆರಾಬೆಯಿಂದ ಆಚೆಗಿನ ನಮ್ಮ ಊರಿಗೆ ಮರಳಿದ್ದೆ. ಊರಿನಲ್ಲಿ ವಾಂತಿಭೇದಿ ಹಬ್ಬಿತ್ತು. ಇನ್ನು ನಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ಹೋಗುವ ಜೀವ ಮನೆಯಲ್ಲೇ ಹೋಗಲಿ ಎಂದು ದೊಡ್ಡಪ್ಪ ಆಕೆಯನ್ನು ಬಿಡಿಸಿಕೊಂಡಿದ್ದರು. ನಮ್ಮ ಕಡೆ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಆಸ್ಪತ್ರೆಯ ಕಾಗದದಲ್ಲಿ ಅಂಥವರೆಲ್ಲ ಮನೆಯವರ ಇಚ್ಛೆಯ ಮೇರೆಗೆ ಹೊರಟುಹೋದವರು.

ಜೀಪಿನ ಚಾಲಕ ಇಳಿದು ಬಂದ. ನಮ್ಮ ಗುಡ್ಡದ ದಾರಿ ಹತ್ತುತ್ತಿದ್ದದ್ದು ಅವನದೊಂದೇ ಜೀಪು. ಹೆಣ ಹೊತ್ತ ಜೀಪಿಗೆ ಬಾಣಂತಿಯರು ಹತ್ತುವುದಿಲ್ಲ, ಮದುವೆಯ ದಿಬ್ಬಣದವರು ಕರೆಯುವುದಿಲ್ಲ. ಹಾಗಾಗಿ ಅವನು ಯಾವಾಗಲೂ ಕೇಳುತ್ತಿದ್ದದ್ದನ್ನೇ ಕೇಳಿದ.

"ಅಣ್ಣೇರೆ, ಜೀವ ಉಂಟಲ್ಲ?"

"ಉಂಟು ಮಾರಾಯ. ಬೇಗ ಹೋಗುವ," ಎಂದರು ದೊಡ್ಡಪ್ಪ.

ದೊಡ್ಡಮ್ಮನ ತಲೆಯನ್ನು ನನ್ನ ತೊಡೆಯ ಮೇಲಿಟ್ಟು ಸೆರಗನ್ನು ಗಲ್ಲದವರೆಗೆ ಎಳೆದರು. ಜೀಪು ಕುಲುಕಿದಾಗಲೆಲ್ಲ ಅವಳ ಬಾಯಿ ತೆರೆದುಕೊಳ್ಳುತ್ತಿತ್ತು. ನಾನು ಅಂಗೈಯಿಂದ ಮುಚ್ಚುತ್ತಿದ್ದೆ. ಎರಡು ದಿನ ಅವಳ ವಾಂತಿ ಬಳಿದ ಕೈ ಅದು. ಅವಳು ಕುಡಿದ ಬಾವಿಯ ನೀರನ್ನೇ ನಾನೂ ಕುಡಿದಿದ್ದೆ. ನನ್ನ ಹೊಟ್ಟೆಯಲ್ಲಿ ಗುಳುಗುಳು ಎಂದಾಗ ಇದು ಶುರುವಾಯಿತೇ ಎಂದು ಬೆವರುತ್ತಿದ್ದೆ. ಉಪ್ಪಿನಂಗಡಿಯಲ್ಲಿ ಜೀಪು ನಿಂತಾಗ ಪರಿಚಯದವರೊಬ್ಬರು ತಲೆ ಒಳಗೆ ಹಾಕಿದರು.

"ಈಗ ಹೇಗುಂಟು ಇವರಿಗೆ?"

"ಸ್ವಲ್ಪ ನಿದ್ದೆ ಹತ್ತಿದೆ," ಎಂದರು ದೊಡ್ಡಪ್ಪ. ಆಮೇಲೆ, ಆ ಮನುಷ್ಯ ಹೋದ ಮೇಲೂ, "ಇಗೋ, ಮನೆ ಬಂತು, ಬಂತು" ಎಂದು ದೊಡ್ಡಮ್ಮನಿಗೆ ಹೇಳುತ್ತಲೇ ಬಂದರು. ಚಾಲಕ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಅಂಗಳಕ್ಕೆ ಇಳಿಸಿ ಬಾಯಿಗೆ ತುಳಸಿನೀರು ಬಿಟ್ಟ ಮೇಲೆಯೇ ಮನೆಯಲ್ಲಿ ಅಳು ಎದ್ದಿತು.

ಆರೋಗ್ಯ ಇಲಾಖೆಯ ಒಬ್ಬರು ಮನೆಮನೆಗೆ ಬಂದು ಸತ್ತವರನ್ನು ಬರೆದುಕೊಂಡು ಹೋಗಿದ್ದರು. ಆ ಲೆಕ್ಕ ಸರಿಯಾಗಿತ್ತು. ಅದರ ಆಧಾರದಲ್ಲೇ ನಮ್ಮ ಶಾಲೆಯಲ್ಲಿ ಒಬ್ಬ ಡಾಕ್ಟರು, ನರ್ಸು, ಸಲೈನ್ ಬಾಟಲಿಗಳು ಬಂದು ಕೂತದ್ದು. ಸರಕಾರ ಆ ಸಂಖ್ಯೆಯನ್ನು ಪ್ರಕಟಿಸಿದ ಕೆಲವೇ ದಿನಗಳಲ್ಲಿ ಮಂಗಳೂರಿನ ಒಂದು ಪತ್ರಿಕೆ ತಾನು ಅದನ್ನು ಪರಿಶೀಲಿಸಿದ್ದಾಗಿ ಬರೆಯಿತು. ಅವರ ವರದಿಗಾರ ಆಸ್ಪತ್ರೆಗಳಿಗೆ ಹೋಗಿ ವಿಚಾರಿಸಿದ್ದರಂತೆ. ವಾಂತಿಭೇದಿಯಿಂದ ಅಲ್ಲಿ ಯಾರೂ ಸತ್ತಿಲ್ಲವಂತೆ. ಸರಕಾರದ ಸಂಖ್ಯೆ ಬರೇ ಊಹಾಪೋಹವಂತೆ. ಅದನ್ನು ಓದಿದ ಮೇಲಧಿಕಾರಿಗಳು ಶಾಲೆಯ ಶಿಬಿರ ಎತ್ತಲು ಹೇಳಿದರು.

ಅದೇ ದಿನ ಬೆಳಿಗ್ಗೆ ಚೇಚಿ ವಾಂತಿಭೇದಿಯಿಂದ ಮಲಗಿದರು. ಕೇರಳದಿಂದ ಬಂದು ನಮ್ಮ ಪಕ್ಕದ ಗುಡ್ಡದಲ್ಲಿ ರಬ್ಬರ್ ಹಾಕಿದ್ದ ಮನೆಯವರು. ನಾವೆಲ್ಲ ಅವರನ್ನು ಅವರ ಮಾತಿನಲ್ಲೇ ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದೆವು. ಕಣ್ಣು ಒಳಗೆ ಹೋಗಿತ್ತು, ದೊಡ್ಡಮ್ಮನದು ಹೋಗಿದ್ದ ಹಾಗೆಯೇ. ಅವರನ್ನು ಕುರ್ಚಿಗೆ ಕಟ್ಟಿ ಹೊತ್ತು ಶಾಲೆಗೆ ತಂದಾಗ ಬಾಟಲಿಗಳು ಪೆಟ್ಟಿಗೆಯಲ್ಲಿದ್ದವು, ಪೆಟ್ಟಿಗೆಗಳು ಜಗಲಿಯಲ್ಲಿದ್ದವು. ಕೊಂಡೊಯ್ಯಲು ಅದೇ ಜೀಪು ಬಂದಿತ್ತು. ಶಿಬಿರ ಎತ್ತುವುದನ್ನು ಬರೆಯಲು ಪತ್ರಿಕೆಯ ವರದಿಗಾರರೂ ಬಂದು ನಿಂತಿದ್ದರು.

ಡಾಕ್ಟರು ಕೂಡಲೇ ಒಂದು ಬಾಟಲಿ ತೆಗೆದು ಚೇಚಿಗೆ ಏರಿಸಿದರು. "ಇದು ಒಂದರಲ್ಲಿ ಮುಗಿಯುದಿಲ್ಲ. ರಾತ್ರಿಯಿಡೀ ಬೇಕು," ಎಂದರು. "ಆದರೆ ಹೊರಡ್ಲಿಕ್ಕೆ ಆರ್ಡರ್ ಉಂಟು. ನಾನೆಂತ ಮಾಡುದು?"

ನಾನು ವರದಿಗಾರರ ಮುಂದೆ ನಿಂತೆ. "ಸರಕಾರದ ಲೆಕ್ಕ ಸರಿ ಉಂಟು ಸರ್. ನೀವು ಬರೆದದ್ದೇ ತಪ್ಪು."

"ಆಸ್ಪತ್ರೆಯಲ್ಲಿ ಕೇಳಿಯೇ ಬರೆದದ್ದಮ್ಮ. ನೀವು ಡಾಕ್ಟರಾ?"

"ಅಲ್ಲ. ನೀವು ನಮ್ಮ ಮನೆಗಳಿಗೆ ಹೋಗಿದ್ದೀರಾ?"

"ಮನೆಯಲ್ಲಿ ಸಾಯುವವರು ವಯಸ್ಸಾಗಿ ಸಾಯ್ತಾರೆ. ಹುಷಾರಿಲ್ಲದವರು ಆಸ್ಪತ್ರೆಗೆ ಹೋಗ್ತಾರೆ. ಅಲ್ಲಿ ಯಾರೂ ಸಾಯ್ಲಿಲ್ಲ. ಮತ್ತೆಂತ?"

ಅಂಗಳದಲ್ಲಿ ಜನ ಸೇರಿದ್ದರು. ಉತ್ತರ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ದೊಡ್ಡಪ್ಪ ನನ್ನನ್ನೇ ನೋಡುತ್ತಿದ್ದರು. ಮೆಲ್ಲಗೆ, "ಬೇಡ ಮಗಳೇ. ಡ್ರೈವರ ಕೇಳ್ತಾ ಇದ್ದಾನೆ. ಜೀಪು ಅದೊಂದೇ ಇರುದು," ಎಂದರು.

ಚೇಚಿಯ ಗಂಡ ಬಾಟಲಿಯನ್ನು ಎತ್ತಿ ಹಿಡಿದು ನಿಂತಿದ್ದರು. ಅದು ಅರ್ಧ ಇಳಿದಿತ್ತು. "ಪರಯ್ ಮೋಳೇ," ಎಂದರು. ಹೇಳು ಮಗಳೇ, ಎಂದು.

ಹೇಳಿದೆ. ಆಸ್ಪತ್ರೆಯಲ್ಲಿ ನಾವು ಯಾರನ್ನೂ ಸಾಯಲು ಬಿಡುವುದಿಲ್ಲ, ಮೊದಲೇ ತರುತ್ತೇವೆ ಎಂದೆ. ಕೆಲವರು ದಾರಿಯಲ್ಲಿ ಹೋಗುತ್ತಾರೆ, ಕೆಲವರು ಅಂಗಳದಲ್ಲಿ. "ನಮ್ಮ ದೊಡ್ಡಮ್ಮ ಆಸ್ಪತ್ರೆಯ ಜಗಲಿಯಲ್ಲೇ ಸತ್ತದ್ದು. ಜೀವ ಉಂಟು ಅಂತ ಹೇಳಿ ಈ ಜೀಪಿನಲ್ಲಿ ತಂದೆವು. ತಲೆ ನನ್ನ ತೊಡೆಯ ಮೇಲಿತ್ತು."

ಡಾಕ್ಟರು ವರದಿಗಾರರ ಕಡೆ ತಿರುಗಿ, "ಇದನ್ನು ಬರೀತೀರಾ ಹೇಗೆ?" ಎಂದರು. ಆಮೇಲೆ ಪೆಟ್ಟಿಗೆಗಳನ್ನು ಒಳಗಿಡಲು ನರ್ಸಿಗೆ ಹೇಳಿದರು. ಆದೇಶ ಮೀರಿ ಅವರು ಉಳಿದರು. ಮಳೆಗಾಲ ಮುಗಿಯುವವರೆಗೂ ಶಿಬಿರ ಇತ್ತು. ಚೇಚಿ ಬದುಕಿದರು. ಪತ್ರಿಕೆಯಲ್ಲಿ ತಿದ್ದುಪಡಿ ಬರಲಿಲ್ಲ. ನಾನು ಬರೆದು ಕಳಿಸಿದ ಪತ್ರವೂ ಬರಲಿಲ್ಲ.

ಚಾಲಕ ಅಂದು ಜೀಪಿಗೆ ಒರಗಿ ನಿಂತೇ ಇದ್ದ. ಜನ ಚದುರಿದ ಮೇಲೆ ನನ್ನ ಹತ್ತಿರ ಬಂದ.

"ನನಗೆ ಗೊತ್ತಿರ್ಲಿಲ್ಲ ಅಂತ ಗ್ರಹಿಸಿದ್ರಾ ಅಕ್ಕ? ಗೊತ್ತಿತ್ತು. ಎಲ್ಲ ಸಲವೂ ಗೊತ್ತಾಗ್ತಿತ್ತು. ಹಿಂದೆ ನೋಡದಿದ್ರೆ ಆಯ್ತು. ಈಗ ನೀವು ಎಲ್ಲರ ಎದುರು ಹೇಳಿ ಆಯ್ತಲ್ಲ, ನಾನಿನ್ನು ನೋಡಬೇಕಾಗ್ತದೆ."

ಅಂದಿನಿಂದ ಅವನು ನೋಡತೊಡಗಿದ. ಕರೆದಲ್ಲಿಗೆ ಬರುತ್ತಿದ್ದ, ಆದರೆ ಹತ್ತಿಸುವ ಮೊದಲು ಬೆರಳನ್ನು ಮಡಚಿ ರೋಗಿಯ ಮೂಗಿನ ಕೆಳಗೆ ಹಿಡಿಯುತ್ತಿದ್ದ. ಅವನು ಬೆರಳು ತೆಗೆಯುವ ತನಕ ಮನೆಯವರು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಆಸ್ಪತ್ರೆಯಿಂದ ಮರಳುವಾಗಲೂ ಹಾಗೆಯೇ. ಬಾಣಂತಿಯರು ಅವನ ಜೀಪು ಹತ್ತುವುದನ್ನು ಬಿಡಲಿಲ್ಲ.

ಮುಂದಿನ ಮಳೆಗಾಲದಲ್ಲಿ ದೊಡ್ಡಪ್ಪನಿಗೇ ವಾಂತಿಭೇದಿಯಾಯಿತು. ಈ ಸಲ ಶಿಬಿರ ಇರಲಿಲ್ಲ. ಜೀಪು ಅಂಗಳಕ್ಕೆ ಬಂದಾಗ ದೊಡ್ಡಪ್ಪನ ಕೈಕಾಲು ತಣ್ಣಗಾಗಿದ್ದವು. ಚಾಲಕ ಬೆರಳು ಹಿಡಿದ. ಗಾಳಿ ಬೀಸುತ್ತಿತ್ತು. ಇನ್ನೊಮ್ಮೆ ಹಿಡಿದ.

"ಇಲ್ಲ ಅಕ್ಕ," ಎಂದ.

"ನಾಡಿ ಉಂಟು. ಇಲ್ಲಿ ಮುಟ್ಟಿ ನೋಡು, ಜೀವ ಉಂಟು," ಎಂದೆ ನಾನು.

ಅವನು ನನ್ನ ಮುಖ ನೋಡಿದ. ಹತ್ತಿರ ಬರಲಿಲ್ಲ. ಜೀಪು ತಿರುಗಿಸಿಕೊಂಡು ಗುಡ್ಡ ಇಳಿದ.

ದೊಡ್ಡಪ್ಪ ಸಂಜೆಯವರೆಗೆ ಇದ್ದರು. ಒಮ್ಮೆ ನೀರು ಕೇಳಿದರು ಕೂಡ. ಅವರು ಸತ್ತದ್ದು ಮನೆಯಲ್ಲಿ. ಆ ವರ್ಷವೂ ಆಸ್ಪತ್ರೆಯಲ್ಲಿ ನಮ್ಮ ಊರಿನವರು ಯಾರೂ ಸತ್ತಿಲ್ಲ.