ಮಾನಿಟರ್ ಮೇಲಿನ ಕುಂಕುಮ

ಗೆಳೆಯರೇ, ಆಯುಧಪೂಜೆ ಯಾವುದಕ್ಕೆ ಮಾಡಬೇಕು ಎಂಬುದೇ ಇವತ್ತು ನನಗೆ ತಿಳಿಯದೆ ಹೋಯಿತು. ಹೊಸೂರಿನ ನಮ್ಮ ಶಾಲೆಯ ತೋಟಗಾರಿಕೆ ವಿಭಾಗದ ಮಕ್ಕಳು ಈ ವರ್ಷ ಗುಲಾಬಿ ಕಸಿಯನ್ನು ಕಂಪ್ಯೂಟರಿನ ವರ್ಚುವಲ್ ಲ್ಯಾಬಿನಲ್ಲೇ ಕಲಿತದ್ದು.

ಬಾಗಲೂರಿನ ಮಂಜುಳ, "ಮೌಸ್‌ಗೇ ಪೂಜೆ ಮಾಡಾಣ ಸಾರ್" ಎಂದಳು.

ಅವಳ ಸಹಪಾಠಿ ಮುನಿರಾಜ ಒಪ್ಪಲಿಲ್ಲ. "ಕೊಂಬೆ ಕುಯ್ದಿದ್ದು ಚಾಕು ಕಣೇ, ಅದು ಒಳಗೈತೆ" ಎಂದು ಪರದೆಯಲ್ಲಿದ್ದ ಚಾಕುವಿನ ಮೇಲೆ ಕುಂಕುಮ ಇಟ್ಟ.

ನಾನು ಕರ್ಪೂರ ಹಚ್ಚುವಷ್ಟರಲ್ಲಿ ಸ್ಕ್ರೀನ್‌ಸೇವರ್ ಬಂದು, ಚಾಕು ಇದ್ದ ಜಾಗದಲ್ಲಿ ಮೀನು ಈಜತೊಡಗಿತು.

"ಸಾರ್, ಈಗ ಮಂಗಳಾರತಿ ಯಾರ್ಗೆ?" ಎಂದಳು ಮಂಜುಳ.

ತಟ್ಟೆ ಹಿಡಿದು ಕೋಣೆಯಲ್ಲೆಲ್ಲ ಕಣ್ಣಾಡಿಸಿದೆ. ಕೊನೆಗೆ ಬಾಗಿಲಿಗೆ ಕಟ್ಟಿದ್ದ ಬಾಳೆಕಂದಿಗೆ ಬೆಳಗಿಬಿಟ್ಟೆ. ಈ ವರ್ಷ ನಮ್ಮ ಪ್ರಾಕ್ಟಿಕಲ್ ಕೋಣೆಗೆ ಬಂದ ನಿಜವಾದ ಗಿಡ ಅದೊಂದೇ.