ಕೆಂಗೇರಿಯಲ್ಲಿ ಗಾಜಿನೊಳಗಿದ್ದ ಸೋಮ

ಆರ್‌ಪಿಸಿ ಲೇಔಟ್‌ನ ನಮ್ಮ ಮನೆಯಿಂದ ಹೊರಟಾಗ ಬೆಳಿಗ್ಗೆ ಹತ್ತು ಗಂಟೆ. ಆಷಾಢದ ಗಾಳಿ ಜೋರಾಗಿತ್ತು, ಮಳೆ ಇರಲಿಲ್ಲ. ಅಮ್ಮ ಹಬ್ಬಕ್ಕೆಂದು ಎತ್ತಿಟ್ಟಿದ್ದ ಸೀರೆ ಉಟ್ಟಿದ್ದಳು. ನನ್ನ ಕೈಚೀಲದಲ್ಲಿ ನೀರಿನ ಬಾಟಲಿ, ಎದೆನೋವು ಬಂದರೆ ನಾಲಿಗೆಯಡಿ ಇಡುವ ಮಾತ್ರೆ ಇದ್ದವು.

ಮುಂದಿನ ವಾರ ಅಮ್ಮನಿಗೆ ಬೈಪಾಸ್ ಆಗಬೇಕಿತ್ತು. ರಕ್ತನಾಳಗಳು ಮುಚ್ಚುತ್ತಾ ಬಂದಿವೆ, ಮೆಟ್ಟಿಲು ಹತ್ತಿಸಬೇಡಿ, ಮನಸ್ಸಿಗೆ ಗಾಬರಿಯಾಗುವಂಥದ್ದು ಏನೂ ಬೇಡ ಎಂದು ಡಾಕ್ಟರು ಹೇಳಿದ್ದರು. ಅಮ್ಮ ಮಾತ್ರ ಆಪರೇಷನ್ನಿಗೆ ಒಪ್ಪಿರಲಿಲ್ಲ. "ಮೊದ್ಲು ಸೋಮನ್ನ ನೋಡ್ಬೇಕು. ಆಮೇಲೆ ಹೇಳ್ತೀನಿ" ಎಂದಷ್ಟೇ ಹೇಳಿ ಗೋಡೆ ಕಡೆ ತಿರುಗಿ ಮಲಗಿದ್ದಳು.

ಸೋಮ ಎಂದರೆ ಗ್ರಾಮದೇವತೆಯ ಮುಂದೆ ಕುಣಿಯುವಾಗ ಕಟ್ಟಿಕೊಳ್ಳುವ ಮರದ ದೊಡ್ಡ ಮುಖ. ಮಾಗಡಿ ಕಡೆಯ ಅಮ್ಮನ ತವರಿನಲ್ಲಿ ಅದು ವಂಶದಿಂದ ಬಂದದ್ದು. ತಾತ ತೀರಿಹೋದ ಮೇಲೆ ಅದನ್ನು ಹೊತ್ತು ಕುಣಿಯುವವರು ಮನೆಯಲ್ಲಿ ಉಳಿಯಲಿಲ್ಲ. ಗೆದ್ದಲು ಹಿಡಿಯುವುದು ಬೇಡವೆಂದು ನನ್ನ ಸೋದರಮಾವ ಅದನ್ನು ಕೆಂಗೇರಿ ಉಪನಗರದ ಆಚೆ ಇರುವ ಒಂದು ಸಣ್ಣ ಮ್ಯೂಸಿಯಂಗೆ ಕೊಟ್ಟರು. ಅದೇ ವರ್ಷ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ ಹಾಗೆಯೇ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟರು. ಪೂಜೆಯಿಲ್ಲದೆ ಕೂರಿಸಿದ್ದಕ್ಕೆ ಸೋಮ ಮುನಿದ ಎಂದು ಅಮ್ಮ ನಂಬಿದಳು. ಈಗ ಕಾಯಿಲೆ ತನ್ನ ಎದೆಗೇ ಬಂದಾಗ ಆ ನಂಬಿಕೆ ಗಟ್ಟಿಯಾಯಿತು. ನಾನು ವಿಜಯನಗರದಲ್ಲಿ ಬ್ಲೌಸ್ ಹೊಲಿದು ಬದುಕುವವಳು, ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಆಟೋ ಹತ್ತುವ ಮೊದಲು ಕೈಚೀಲದಲ್ಲಿ ಮಾತ್ರೆ ಇದೆಯೇ ಎಂದು ಮತ್ತೊಮ್ಮೆ ನೋಡಿಕೊಂಡೆ.

ವಿಜಯನಗರದಲ್ಲಿ ಮೆಟ್ರೋ ಹತ್ತಿದೆವು. ಲಿಫ್ಟ್ ಇದ್ದದ್ದರಿಂದ ಅಲ್ಲಿ ತೊಂದರೆಯಾಗಲಿಲ್ಲ. ಕಾಲೇಜು ಹುಡುಗಿಯೊಬ್ಬಳು "ಕೂತ್ಕೊಳಿ ಅಜ್ಜಿ" ಎಂದು ಸೀಟು ಬಿಟ್ಟಳು. ನಾಯಂಡಹಳ್ಳಿ ದಾಟುವಾಗ ಕೆಳಗೆ ಮೋರಿಯಂತೆ ಹರಿಯುವ ವೃಷಭಾವತಿ ಕಾಣಿಸಿತು. ಅಮ್ಮ ಕಿಟಕಿಯ ಕಡೆ ನೋಡಲೇ ಇಲ್ಲ. ನಾನು ಅವಳ ಸೆರಗು ಏರಿಳಿಯುವುದನ್ನೇ ನೋಡುತ್ತಿದ್ದೆ. ಎರಡು ಉಸಿರಿನ ನಡುವೆ ಸ್ವಲ್ಪ ತಡವಾದರೂ ನನ್ನ ಉಸಿರು ನಿಲ್ಲುತ್ತಿತ್ತು.

ಕೆಂಗೇರಿಯಲ್ಲಿ ಇಳಿದು ದರ್ಶಿನಿಯೊಂದರಲ್ಲಿ ಇಡ್ಲಿ ತಿಂದೆವು. ಅಮ್ಮ ಅರ್ಧ ಇಡ್ಲಿ ಬಿಟ್ಟಳು. ಅಲ್ಲಿಂದ ಮ್ಯೂಸಿಯಂಗೆ ಆಟೋದಲ್ಲಿ ಹತ್ತು ನಿಮಿಷ. ಜಾಗ ಹೇಳಿದಾಗ ಡ್ರೈವರ್ ತಿರುಗಿ ನೋಡಿದ. "ಅಲ್ಲೇನಿದೆ ಮೇಡಂ, ಯಾರೂ ಹೋಗಲ್ವಲ್ಲ" ಎಂದ.

ಹಳೆಯ ಎರಡಂತಸ್ತಿನ ಕಟ್ಟಡ. ಅಂಗಳದಲ್ಲಿ ವೀರಗಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಒಂದರಲ್ಲಿ ಯೋಧನ ಹೊಟ್ಟೆಗೆ ಬಾಣ ನೆಟ್ಟಿತ್ತು. ಅದರ ಮೇಲಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ತೋಳು ಹಿಡಿದು ಒಯ್ಯುತ್ತಿದ್ದರು. ಇಪ್ಪತ್ತು ರೂಪಾಯಿಯ ಟಿಕೆಟ್ ತೆಗೆದುಕೊಂಡು ಒಳಗೆ ಹೋದರೆ ನಮ್ಮನ್ನು ಬಿಟ್ಟು ಇನ್ನೊಬ್ಬ ನೋಡುಗನಿಲ್ಲ. ಕೆಳಗಿನ ಕೋಣೆಯಲ್ಲಿ ಕಲ್ಲಿನ ಕೊಡಲಿಗಳು, ಕಪ್ಪು ಕೆಂಪು ಮಡಕೆಗಳು, ನಡುವೆ ಬೃಹತ್ ಶಿಲಾಯುಗದ ಸಮಾಧಿಯಿಂದ ತೆಗೆದ ದೊಡ್ಡ ಗುಡಾಣ. ಅದರೊಳಗೆ ಮೂಳೆಯ ಚೂರುಗಳಿದ್ದವು. ಅಮ್ಮ ಬಗ್ಗಿ ನೋಡಿದಳು.

"ಇಷ್ಟೇನಾ ಉಳಿಯೋದು?"

"ಬಾಮ್ಮ, ಮುಂದೆ ಹೋಗೋಣ" ಎಂದು ನಾನು ತೋಳು ಹಿಡಿದು ಎಳೆದೆ. ಅವಳ ಕೈ ತಣ್ಣಗಿತ್ತು.

ಜನಪದ ವಿಭಾಗ ಮಹಡಿಯ ಮೇಲಿತ್ತು. ಲಿಫ್ಟ್ ಇರಲಿಲ್ಲ. ಅಟೆಂಡರ್ ಸಾವಿತ್ರಮ್ಮ ಎಂಬವರು, ಐವತ್ತರ ಹೆಂಗಸು, ಅಮ್ಮನ ಮುಖ ನೋಡಿ "ಬೇಡ ಬಿಡಿ, ಮೊಬೈಲಲ್ಲಿ ಫೋಟೋ ತೆಗ್ದು ತೋರ್ಸಿ" ಎಂದರು. ನನಗೂ ಅದೇ ಬೇಕಿತ್ತು. ಆದರೆ ಅಮ್ಮ ಆಗಲೇ ಕಂಬಿ ಹಿಡಿದು ಮೆಟ್ಟಿಲ ಮೇಲೆ ಕಾಲಿಟ್ಟಿದ್ದಳು. ತಿರುವಿನಲ್ಲಿ ಕೂತಳು, ಎದ್ದಳು, ಮತ್ತೆ ಹತ್ತಿದಳು. ಹಿಂದೆಯೇ ಎರಡೂ ಕೈ ಚಾಚಿಕೊಂಡು ನಾನು ಹತ್ತಿದೆ. ಅಷ್ಟು ಉದ್ದದ ಮೆಟ್ಟಿಲುಗಳನ್ನು ನಾನು ಎಲ್ಲೂ ನೋಡಿಲ್ಲ.

ಮೇಲೆ ತೊಟ್ಟಿಲು, ರಾಗಿ ಬೀಸುವ ಕಲ್ಲು, ಕುರಿ ಉಣ್ಣೆಯ ಕಂಬಳಿ, ತಮಟೆಗಳನ್ನೆಲ್ಲ ದಾಟಿ ಕೊನೆಯ ಕೋಣೆಗೆ ಬಂದೆವು. ನಡುವೆ ನಿಲ್ಲಿಸಿದ್ದ ಗಾಜಿನ ಪೆಟ್ಟಿಗೆಯಲ್ಲಿ ಸೋಮನಿದ್ದ. ನೆತ್ತರಿನಂಥ ಕೆಂಪು ಮುಖ, ಹೊರಗೆ ಬಂದ ಕಣ್ಣು, ಕೋರೆಹಲ್ಲು. ಗರಿ, ಬೇವಿನಸೊಪ್ಪು ಏನೂ ಇಲ್ಲದೆ ಬೋಳಾಗಿದ್ದ. ನಾನು ಅವನನ್ನು ನೋಡಿದ್ದು ಅದೇ ಮೊದಲು. ಮರ ಎಂದು ಗೊತ್ತಿದ್ದೂ ಬಾಗಿಲಲ್ಲೇ ನಿಂತುಬಿಟ್ಟೆ.

"ಸಂಜೆ ಬೀಗ ಹಾಕ್ವಾಗ ನಾನು ಆ ಕಡೆ ನೋಡಲ್ಲ" ಎಂದರು ಸಾವಿತ್ರಮ್ಮ, ದನಿ ತಗ್ಗಿಸಿ.

ಅಮ್ಮ ಪೆಟ್ಟಿಗೆಯ ಮುಂದೆ ಹೋಗಿ ಕೈ ಮುಗಿದಳು. "ತಪ್ಪಾಗಿದ್ರೆ ಅಣ್ಣಂದು. ಅವ್ನೂ ಹೋದ. ಇನ್ನು ಸಾಕು ಮಾಡಪ್ಪ" ಎಂದಳು. ಆಮೇಲೆ ಮುಗಿದ ಕೈ ಎದೆಗೆ ಹೋಯಿತು. ಅವಳ ಮೇಲ್ದುಟಿಯ ಮೇಲೆ ಬೆವರು ಕಾಣಿಸಿತು. "ಸುಮಾ, ಹಿಡ್ಕೊಳೇ" ಎಂದು ಕುಸಿದಳು.

ಕೈಚೀಲದ ಜಿಪ್ ಸಿಕ್ಕಿಹಾಕಿಕೊಂಡಿತು. ದಿನವಿಡೀ ಜಿಪ್ ಹೊಲಿಯುವ ನನ್ನ ಬೆರಳುಗಳಿಗೆ ಅದನ್ನು ತೆಗೆಯಲಾಗಲಿಲ್ಲ. ಕೊನೆಗೆ ಕಿತ್ತೆಳೆದು ಮಾತ್ರೆ ಅವಳ ನಾಲಿಗೆಯಡಿ ಇಟ್ಟೆ. ಸಾವಿತ್ರಮ್ಮ ಕುರ್ಚಿ ತಂದು, ಗಾಳಿ ಬರಲೆಂದು ಪೆಟ್ಟಿಗೆಯ ಹಿಂದಿನ ಕಿಟಕಿ ಪಕ್ಕ ಹಾಕಿದರು. ಇಬ್ಬರೂ ಸೇರಿ ಅವಳನ್ನು ಎತ್ತಿ ಕೂರಿಸಿದೆವು. ಅವಳು ಕಣ್ಣು ಮುಚ್ಚಿದ್ದಳು. ಕೆಂಪು ಮುಖದ ಕಡೆ ನಾನು ನೋಡಲಿಲ್ಲ. ನೋಡಿದರೆ ನಾನೂ ನಂಬಿಬಿಡುತ್ತೇನೆ ಎಂಬ ಭಯ. ಆಂಬುಲೆನ್ಸ್ ಕರೆಯಲು ಫೋನ್ ತೆಗೆದೆ.

"ಯಾರಿಗೂ ಮಾಡ್ಬೇಡ, ನೋವು ಇಳೀತಿದೆ" ಎಂದಳು ಅಮ್ಮ. ಕಣ್ಣು ಬಿಟ್ಟು ಎದುರಿಗೇ ನೋಡುತ್ತಿದ್ದಳು.

ಅಲ್ಲಿಂದ ಸೋಮನ ಮುಖದ ಹಿಂಬದಿ ಕಾಣುತ್ತಿತ್ತು. ಒಳಗೆ ಬಣ್ಣವಿರಲಿಲ್ಲ, ಉಳಿಯ ಗೆರೆ ಬಿದ್ದ ಬರೀ ಮರ. ಹಣೆ ತಾಗುವ ಕಡೆ ಬಟ್ಟೆಯ ಸಿಂಬಿಯೊಂದನ್ನು ಒತ್ತಿ ಕೂರಿಸಿದ್ದರು. ಬೆವರಿನಿಂದ ಕಪ್ಪಾಗಿದ್ದರೂ ಅಂಚಿನಲ್ಲಿ ಹಸಿರು ಚೌಕಳಿ ಉಳಿದಿತ್ತು.

"ಅದು ಅವ್ವನ ಸೀರೆ" ಎಂದಳು ಅಮ್ಮ.

ನಾನು ಹತ್ತಿರ ಹೋಗಿ ಬಗ್ಗಿದೆ. ಸಿಂಬಿಯ ಸುತ್ತ ದಪ್ಪ ದಾರದ ಕೈಹೊಲಿಗೆ. ಒಂದರ ಪಕ್ಕ ಒಂದು ಒತ್ತೊತ್ತಾಗಿ, ತುದಿಯಲ್ಲಿ ಎರಡು ಸಲ ಹಿಂದಕ್ಕೆ ತಿರುಗಿಸಿ ಹಾಕಿದ ಗಂಟು. ಅಜ್ಜಿ ನನಗೆ ಮೊದಲು ಸೂಜಿ ಹಿಡಿಸಿದಾಗ ಕಲಿಸಿದ ಗಂಟು ಅದೇ. ಇವತ್ತಿಗೂ ನಾನು ಹಾಗೆಯೇ ಹಾಕುತ್ತೇನೆ.

"ಹೆಂಗಸ್ರು ಮುಟ್ಟೋ ಹಂಗಿರ್ಲಿಲ್ಲ ಕಣೇ. ನೆರಳೂ ಬೀಳ್ಬಾರ್ದು ಅಂತಿದ್ರು. ನಾನು ಚಿಕ್ಕವಳಿದ್ದಾಗ ಕಣಜದ ಹಿಂದೆ ಅವಿತ್ಕೋತಿದ್ದೆ" ಎಂದಳು. ಸಿಂಬಿಯಿಂದ ಕಣ್ಣು ತೆಗೆಯದೆ, "ಅಪ್ಪನ ಹಣೆ ತರಚುತ್ತೆ ಅಂತ ಅವ್ವ ಕದ್ದು ಹೊಲಿದಿರ್ಬೇಕು. ಯಾರಿಗೂ ಹೇಳ್ಲಿಲ್ಲ. ಎಂಬತ್ತು ದಾಟಿ ಬದುಕಿದ್ಲು" ಎಂದಳು.

ಸಾವಿತ್ರಮ್ಮ ತಮ್ಮ ಫ್ಲಾಸ್ಕಿನಿಂದ ಬಿಸಿನೀರು ಕೊಟ್ಟರು. ಅಮ್ಮನ ಮುಖಕ್ಕೆ ಬಣ್ಣ ಮರಳುವವರೆಗೆ ಮೂವರೂ ಅಲ್ಲೇ ಕೂತಿದ್ದೆವು. ಇಳಿಯುವಾಗ ಗೇಟಿನ ಕಾವಲುಗಾರ, ಸಾವಿತ್ರಮ್ಮ ಇಬ್ಬರೂ ಸೇರಿ ಅವಳನ್ನು ಕುರ್ಚಿ ಸಮೇತ ಹೊತ್ತು ತಂದರು. ಆಟೋ ತಿರುಗುವಾಗ ಕೊನೆಯ ಕೋಣೆಯ ಕಿಟಕಿ ಕಾಣುತ್ತದೆಯೇ ಎಂದು ಹಿಂತಿರುಗಿ ನೋಡಿದೆ. ವೀರಗಲ್ಲುಗಳಷ್ಟೇ ಕಂಡವು.

ಆಟೋದಿಂದಲೇ ಡಾಕ್ಟರಿಗೆ ಫೋನ್ ಮಾಡಿದೆ. ಅವರು ನನ್ನನ್ನು ಚೆನ್ನಾಗಿ ಬೈದು, ಮನೆಗೆ ಹೋಗಬೇಡಿ, ನೇರ ಆಸ್ಪತ್ರೆಗೆ ಕರೆತನ್ನಿ, ಬೇಗ ಆಪರೇಷನ್ ಮಾಡಿಬಿಡೋಣ, ಅವರು ಒಪ್ಪುತ್ತಾರಾ ಎಂದರು. ನಾನು ಅಮ್ಮನ ಕಡೆ ನೋಡಿದೆ.

"ಹ್ಞೂಂ ಅನ್ನು" ಎಂದಳು.

ಮೈಸೂರು ರಸ್ತೆಯಲ್ಲಿ ಟ್ರಾಫಿಕ್ ನಿಂತಿತ್ತು. ಅಮ್ಮ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದಿದ್ದಳು. ಇಷ್ಟು ದಿನ ಅವಳಿಗೆ ಭಯವಿರುವುದು ಸೋಮನದ್ದೊಂದೇ ಎಂದುಕೊಂಡಿದ್ದೆ.

"ಎದೆ ಕುಯ್ತಾರಲ್ವಾ ಸುಮಾ?"

"ಹೌದಮ್ಮ. ಗೊತ್ತಾಗಲ್ಲ, ಮತ್ತು ಬರ್ಸಿರ್ತಾರೆ."

"ನೀನು ಒಳಗೆ ಬರ್ಬಹುದಾ?"

"ಬಿಡಲ್ಲಮ್ಮ. ಬಾಗಿಲವರೆಗೂ ಬರ್ತೀನಿ."

ಅವಳು ಮುಂದೆ ನಿಂತಿದ್ದ ಲಾರಿಯನ್ನೇ ನೋಡುತ್ತಾ ಕೂತಳು. "ಬಾಗಿಲವರೆಗೂ ಬಾ ಹಂಗಾದ್ರೆ" ಎಂದಳು.